ಕೊಂಡ ಕಾಡನ್ನು ಕಾಯುವವರು ಯಾರು?

ಪ್ರಶ್ನೆ: ಅಮೆರಿಕದ ವನ್ಯಪ್ರದೇಶಗಳಲ್ಲಿ ಖಾಸಗಿ ಸಂರಕ್ಷಣಾ ಟ್ರಸ್ಟ್‌ಗಳು ಹಣ ಕೊಟ್ಟು ಭೂಮಿ ಕೊಂಡು ಉಳಿಸುತ್ತಿವೆ ಎಂದು ಓದಿದೆ. ಕಾನೂನಿನ ರಕ್ಷಣೆಯೇ ಇರುವ ಕಾಡಿನಲ್ಲಿ ಮತ್ತೆ ಕೊಳ್ಳುವುದಕ್ಕೆ ಏನಿದೆ? ಈ ಟ್ರಸ್ಟ್‌ಗಳಲ್ಲಿ ದುಡಿಯುವವರು ನಿಜವಾಗಿ ಮಾಡುವ ಕೆಲಸವೇನು? ಅವರು ಕಾಲವಾದ ಮೇಲೆ, ಅಥವಾ ಟ್ರಸ್ಟೇ ಮುಚ್ಚಿಹೋದರೆ, ಆ ಭೂಮಿಯ ಗತಿಯೇನು? ನಾನು ಪರಿಸರ ವಿಜ್ಞಾನದ ವಿದ್ಯಾರ್ಥಿನಿ. ಇಂಥ ಕೆಲಸಕ್ಕೆ ಯಾವ ಸಿದ್ಧತೆ ಬೇಕು?

ಉತ್ತರ: ನಿಮ್ಮ ನಾಲ್ಕು ಪ್ರಶ್ನೆಗಳಲ್ಲಿ ಮೂರನೆಯದೇ ಮಿಕ್ಕೆಲ್ಲಕ್ಕೂ ತಾಯಿಬೇರು. ಸಂರಕ್ಷಣಾ ಟ್ರಸ್ಟ್‌ಗಳ ಬಗ್ಗೆ ಬರುವ ಸುದ್ದಿಗಳಲ್ಲಿ ಎದ್ದು ಕಾಣುವುದು ಖರೀದಿಯೇ: ಇಷ್ಟು ಎಕರೆ, ಇಷ್ಟು ಡಾಲರ್, ಇಂಥ ದಾನಿ. ಆದರೆ ಈ ಕ್ಷೇತ್ರವನ್ನು ಹತ್ತಿರದಿಂದ ಬಲ್ಲ ಯಾರನ್ನು ಕೇಳಿದರೂ, ಕ್ರಯಪತ್ರಕ್ಕೆ ಸಹಿ ಬಿದ್ದ ದಿನವೇ ಕೆಲಸದ ಮೊದಲ ದಿನ ಎಂದು ಹೇಳುತ್ತಾರೆ. ಒಂದು ಭೂಮಿಯನ್ನು ಹಾಗೆಯೇ ಬಿಡುತ್ತೇವೆಂದು ಕೊಟ್ಟ ಮಾತನ್ನು, ಮಾತು ಕೊಟ್ಟವರು ಯಾರೂ ಉಳಿದಿರದ ಕಾಲದಲ್ಲಿಯೂ ನಡೆಸುವುದು ಹೇಗೆ ಎಂಬುದಕ್ಕೆ ವ್ಯವಸ್ಥೆ ಮಾಡುವುದೇ ಈ ಜನರ ನಿಜವಾದ ಕಸುಬು ಎಂದು ನಾನು ತಿಳಿದಿದ್ದೇನೆ.

ಮೊದಲು, ರಕ್ಷಿತ ಕಾಡಿನೊಳಗೆ ಖಾಸಗಿ ಭೂಮಿ ಎಲ್ಲಿಂದ ಬಂತು ಎಂಬುದನ್ನು ನೋಡೋಣ. ಅಮೆರಿಕದ ವನ್ಯಪ್ರದೇಶ ಕಾಯ್ದೆಗೆ ಅಧ್ಯಕ್ಷ ಲಿಂಡನ್ ಜಾನ್ಸನ್ 1964ರ ಸೆಪ್ಟೆಂಬರ್ 3ರಂದು ಸಹಿ ಹಾಕಿದರು. ಆ ಕಾಯ್ದೆಯ ಕರಡನ್ನು ವರ್ಷಗಟ್ಟಲೆ ತಿದ್ದಿ ತಿದ್ದಿ ಬರೆದ ಹಾವರ್ಡ್ ಜಾನಿಸರ್ ಅದೇ ವರ್ಷದ ಮೇ ತಿಂಗಳಲ್ಲಿ ತೀರಿಕೊಂಡಿದ್ದರಿಂದ, ಅದು ಕಾನೂನಾದದ್ದನ್ನು ಕಾಣಲಿಲ್ಲ. ಮೊದಲ ದಿನ ಸುಮಾರು 91 ಲಕ್ಷ ಎಕರೆಗೆ ಅನ್ವಯಿಸಿದ ಆ ರಕ್ಷಣೆ ಈಗ 11 ಕೋಟಿ ಎಕರೆಗೂ ಮೀರಿ ಹಬ್ಬಿದೆ. ಇಲ್ಲಿ ರಸ್ತೆ ಮಾಡುವಂತಿಲ್ಲ, ವಾಹನ ಓಡಿಸುವಂತಿಲ್ಲ, ಯಂತ್ರದ ಗರಗಸವನ್ನು ಸಹ ಬಳಸುವಂತಿಲ್ಲ. ಆದರೆ ಈ ಕಟ್ಟಳೆ ಸರ್ಕಾರಿ ಭೂಮಿಗೆ ಮಾತ್ರ ಸಲ್ಲುತ್ತದೆ. ನಕಾಶೆಯ ಮೇಲೆ ವನ್ಯಪ್ರದೇಶದ ಗಡಿ ಎಳೆಯುವ ಮೊದಲೇ ಅದರೊಳಗೆ ಯಾರದೋ ಹೆಸರಿನಲ್ಲಿ ನೋಂದಣಿಯಾಗಿದ್ದ ತುಂಡುಗಳು ಹಾಗೆಯೇ ಖಾಸಗಿಯಾಗಿ ಉಳಿದುಕೊಂಡವು.

ಅಂಥ ತುಂಡುಗಳ ಮೂಲ ಹೆಚ್ಚಾಗಿ ಹತ್ತೊಂಬತ್ತನೆಯ ಶತಮಾನದ ಕಾನೂನುಗಳಲ್ಲಿದೆ. 1862ರ ಹೋಮ್‌ಸ್ಟೆಡ್ ಕಾಯ್ದೆ ಸಾಗುವಳಿ ಮಾಡಿದವರಿಗೆ ಭೂಮಿ ಕೊಟ್ಟಿತು. ರೈಲ್ವೆ ಕಂಪನಿಗಳಿಗೆ ಹಳಿಯ ಎರಡೂ ಬದಿಯಲ್ಲಿ ಒಂದು ಬಿಟ್ಟು ಒಂದರಂತೆ ಚದರ ಮೈಲಿಯ ಚೌಕಗಳು ಸಂದವು. 1872ರ ಗಣಿ ಕಾಯ್ದೆಯಂತೂ, ಬಂಡೆಯೊಳಗೆ ಅದಿರಿನ ಎಳೆ ಕಂಡವನಿಗೆ 1,500 ಅಡಿ ಉದ್ದ, 600 ಅಡಿ ಅಗಲದ, ಅಂದರೆ 20 ಎಕರೆಗೆ ತುಸು ಹೆಚ್ಚಿನ ಪಟ್ಟಿಯನ್ನು ಎಕರೆಗೆ 5 ಡಾಲರ್‌ನಂತೆ ಸ್ವಂತ ಮಾಡಿಕೊಳ್ಳುವ ಹಕ್ಕು ನೀಡಿತು. ಈ ರೀತಿ ಹೊಸ ಹಕ್ಕುಪತ್ರ ಕೊಡುವುದು 1994ರಿಂದ ನಿಂತಿದೆಯಾದರೂ, ಹಿಂದೆ ಕೊಟ್ಟವುಗಳೆಲ್ಲ ಊರ್ಜಿತದಲ್ಲಿವೆ. ಕೊಲರಾಡೋದ ಬೆಟ್ಟಸಾಲುಗಳ ಸರ್ವೆ ನಕಾಶೆಯನ್ನು ಬಿಡಿಸಿ ನೋಡಿದರೆ ಈ ಚರಿತ್ರೆ ಕಣ್ಣಿಗೆ ಕಟ್ಟುತ್ತದೆ: ಹಸಿರು ಬಣ್ಣದ ಸರ್ಕಾರಿ ಕಾಡಿನ ನಡುವೆ, ಕಡಿದಾದ ಇಳಿಜಾರುಗಳ ಮೇಲೆ, ಒಂದರ ಮೇಲೊಂದು ಓರೆಯಾಗಿ ಬಿದ್ದ ಉದ್ದನೆಯ ಆಯತಗಳು. ಬೆಳ್ಳಿ ಅಥವಾ ಚಿನ್ನದ ಎಳೆ ಯಾವ ದಿಕ್ಕಿಗೆ ಓಡುತ್ತದೆಂದು ಒಬ್ಬ ಗಣಿಗಾರ ಊಹಿಸಿದ್ದನೋ ಆ ದಿಕ್ಕಿಗೇ ಅವು ಇಂದಿಗೂ ಮುಖ ಮಾಡಿ ಮಲಗಿವೆ.

ಇಪ್ಪತ್ತು ಎಕರೆಯಿಂದ ಆಗುವ ಹಾನಿ ಎಷ್ಟು ಎಂದು ನಿಮಗನ್ನಿಸಬಹುದು. ತೊಂದರೆ ವಿಸ್ತೀರ್ಣದಲ್ಲಿಲ್ಲ, ಅಲ್ಲಿಗೆ ಹೋಗುವ ದಾರಿಯಲ್ಲಿದೆ. ರಾಷ್ಟ್ರೀಯ ಅರಣ್ಯದ ವನ್ಯಪ್ರದೇಶದಿಂದ ಸಂಪೂರ್ಣವಾಗಿ ಸುತ್ತುವರಿದ ಖಾಸಗಿ ಭೂಮಿಗೆ ತಕ್ಕಷ್ಟು ದಾರಿ ಕೊಡಬೇಕು, ಇಲ್ಲವೇ ಅದಕ್ಕೆ ಸರಿಸಮಾನ ಬೆಲೆಯ ಸರ್ಕಾರಿ ಭೂಮಿಯನ್ನು ಬದಲಿಯಾಗಿ ಕೊಡಬೇಕು ಎಂದು 1964ರ ಕಾಯ್ದೆಯೇ ಹೇಳುತ್ತದೆ. ದಾರಿಯೆಂದರೆ ಮರ ಕಡಿಯುವುದು, ಇಳಿಜಾರು ಕೊರೆಯುವುದು, ಮಳೆಗಾಲದಲ್ಲಿ ಹೊಳೆಗೆ ಮಣ್ಣು ಇಳಿಯುವುದು, ಕಳೆಬೀಜ ಚಕ್ರಕ್ಕಂಟಿ ಒಳಗೆ ಬರುವುದು. 1990ರ ದಶಕದ ಆರಂಭದಲ್ಲಿ ಕೊಲರಾಡೋದ ವೆಸ್ಟ್ ಎಲ್ಕ್ ವನ್ಯಪ್ರದೇಶದೊಳಗಿನ ತನ್ನ ಭೂಮಿಗೆ ಒಬ್ಬ ಭೂವ್ಯವಹಾರಿ ಹೆಲಿಕಾಪ್ಟರ್‌ನಲ್ಲಿ ಕಟ್ಟಡದ ಸಾಮಗ್ರಿ ಸಾಗಿಸಿ ಬಂಗಲೆ ಕಟ್ಟಲು ತೊಡಗಿದಾಗ, ಅರಣ್ಯ ಇಲಾಖೆ ಅದನ್ನು ನಿಲ್ಲಿಸಲು ಟೆಲ್ಯುರೈಡ್ ಎಂಬ ದುಬಾರಿ ವಿಹಾರಪಟ್ಟಣದ ಸಮೀಪದ ಸರ್ಕಾರಿ ಭೂಮಿಯನ್ನು ಬಿಟ್ಟುಕೊಡಬೇಕಾಯಿತು. ಇಂಥ ಒಳತುಂಡುಗಳನ್ನೇ ಗುರಿಯಾಗಿಟ್ಟುಕೊಂಡು ಕೊಂಡು ಸರ್ಕಾರಕ್ಕೆ ಒಪ್ಪಿಸುವುದಕ್ಕಾಗಿ ವೈಲ್ಡರ್‌ನೆಸ್ ಲ್ಯಾಂಡ್ ಟ್ರಸ್ಟ್ ಎಂಬ ಸಂಸ್ಥೆ 1992ರಲ್ಲಿ ಹುಟ್ಟಿದ್ದೂ ಆ ರಾಜ್ಯದಲ್ಲಿಯೇ.

ಸರ್ಕಾರವೇ ನೇರವಾಗಿ ಏಕೆ ಕೊಳ್ಳಬಾರದು? ಅದಕ್ಕೆ ನಿಧಿಯಿದೆ. ವನ್ಯಪ್ರದೇಶ ಕಾಯ್ದೆಗೆ ಸಹಿ ಬಿದ್ದ ದಿನವೇ ಭೂ ಮತ್ತು ಜಲ ಸಂರಕ್ಷಣಾ ನಿಧಿಯ ಕಾಯ್ದೆಗೂ ಸಹಿ ಬಿತ್ತು. ಸಮುದ್ರದ ತೈಲ ಮತ್ತು ಅನಿಲದ ಗುತ್ತಿಗೆಗಳಿಂದ ಬರುವ ಹಣ ಅದಕ್ಕೆ ಸಲ್ಲಬೇಕು. ಆದರೆ ದಶಕಗಳ ಕಾಲ ಸಂಸತ್ತು ಆ ಹಣವನ್ನು ಪೂರ್ತಿಯಾಗಿ ಬಿಡುಗಡೆ ಮಾಡುತ್ತಿರಲಿಲ್ಲ. ವರ್ಷಕ್ಕೆ 90 ಕೋಟಿ ಡಾಲರ್ ಖಾತ್ರಿಯಾಗಿ ಸಿಗುವ ವ್ಯವಸ್ಥೆಯಾದದ್ದು 2020ರ ಕಾಯ್ದೆಯಿಂದ. ಹಣವಿದ್ದರೂ ಸರ್ಕಾರದ ನಡೆ ನಿಧಾನ. ಮೌಲ್ಯಮಾಪನವಾಗಬೇಕು, ಅದರ ಪರಿಶೀಲನೆಯಾಗಬೇಕು, ಅನುದಾನದ ಸಾಲಿನಲ್ಲಿ ಸರದಿ ಬರಬೇಕು. ಮಾರುವವರಿಗೆ ಅಷ್ಟು ವ್ಯವಧಾನವಿರುವುದಿಲ್ಲ. ಹಿರಿಯರು ತೀರಿಕೊಂಡು ಆಸ್ತಿ ಪಾಲಾಗುವಾಗ, ಸಾಲ ತೀರಿಸಬೇಕಾದಾಗ ಭೂಮಿ ಮಾರಾಟಕ್ಕೆ ಬರುತ್ತದೆ. ಕೆಲವು ತಿಂಗಳು ಮಾತ್ರ ತೆರೆದಿದ್ದು ಮತ್ತೊಂದು ತಲೆಮಾರಿನವರೆಗೆ ಮುಚ್ಚಿಹೋಗುವ ಅವಕಾಶ ಅದು. ಆ ಸಮಯದಲ್ಲಿ ಹಣ ಹಿಡಿದು ನಿಲ್ಲಬಲ್ಲ ಮಧ್ಯವರ್ತಿಯಾಗಿ ಟ್ರಸ್ಟ್ ಬೇಕಾಗುತ್ತದೆ.

ಈಗ ಜನರ ವಿಷಯ. ಸಣ್ಣ ಟ್ರಸ್ಟ್ ಒಂದರಲ್ಲಿ ಭೂಮಿಯ ವ್ಯವಹಾರ ನೋಡಿಕೊಳ್ಳುವ ವ್ಯಕ್ತಿಯ ಹೆಚ್ಚಿನ ಸಮಯ ಕಾಡಿನಲ್ಲಿ ಕಳೆಯುವುದಿಲ್ಲ, ನೋಂದಣಿ ಕಚೇರಿಯ ದಾಖಲೆಗಳಲ್ಲಿ ಕಳೆಯುತ್ತದೆ. ಒಂದು ಗಣಿ ತುಂಡಿನ ಕಡತವನ್ನು ಕಲ್ಪಿಸಿಕೊಳ್ಳಿ. ಮೊದಲ ಹಾಳೆಯಲ್ಲಿ ಒಬ್ಬನ ಹೆಸರು, ಅವನಿಂದ ಮೂವರು ಪಾಲುದಾರರಿಗೆ, ಅವರಲ್ಲೊಬ್ಬ ಉಯಿಲು ಬರೆಯದೆ ಸತ್ತದ್ದರಿಂದ ಅವನ ಮೂರನೇ ಒಂದು ಭಾಗ ಐದು ಮಕ್ಕಳಿಗೆ, ಅವರಿಂದ ಮೊಮ್ಮಕ್ಕಳಿಗೆ. ನೂರು ವರ್ಷ ಕಳೆಯುವಷ್ಟರಲ್ಲಿ ಇಪ್ಪತ್ತು ಎಕರೆಯಲ್ಲಿ ಒಬ್ಬೊಬ್ಬರಿಗೆ ಸಣ್ಣ ಭಿನ್ನರಾಶಿಯಷ್ಟು ಹಕ್ಕು ಉಳಿದಿರುತ್ತದೆ, ಕೆಲವರಿಗೆ ಅಂಥ ಭೂಮಿ ತಮಗಿದೆ ಎಂಬುದೇ ಗೊತ್ತಿರುವುದಿಲ್ಲ. ಅವರೆಲ್ಲರನ್ನೂ ಹುಡುಕಿ, ಪತ್ರ ಬರೆದು, ಉತ್ತರ ಬಾರದಿದ್ದರೆ ಮತ್ತೆ ಬರೆದು, ಅಣ್ಣತಮ್ಮಂದಿರ ನಡುವೆ ಮಾತು ಬಿಟ್ಟಿದ್ದರೆ ಇಬ್ಬರ ಮನೆಗೂ ಬೇರೆ ಬೇರೆಯಾಗಿ ಹೋಗಿ, ಕೊನೆಗೆ ಎಲ್ಲರ ಸಹಿಯನ್ನೂ ಒಂದೆಡೆ ಸೇರಿಸಬೇಕು. ಸರ್ಕಾರಕ್ಕಿರುವ ಬಲವಂತದ ಭೂಸ್ವಾಧೀನದ ಅಧಿಕಾರ ಟ್ರಸ್ಟ್‌ಗಿಲ್ಲ. ಮಾಲೀಕರು ಒಲ್ಲೆನೆಂದರೆ ಅಲ್ಲಿಗೆ ಮುಗಿಯಿತು. ಆದ್ದರಿಂದ ಈ ಕೆಲಸದಲ್ಲಿ ಗೆಲ್ಲುವವರು ಮಾತುಗಾರರಿಗಿಂತ ಹೆಚ್ಚಾಗಿ ಕೇಳಿಸಿಕೊಳ್ಳಬಲ್ಲವರು. ಅಜ್ಜ ಕಟ್ಟಿದ ಮರದ ಮನೆಯ ಬಗ್ಗೆ ಮೊಮ್ಮಗಳು ಹೇಳುವುದನ್ನು ಅವಸರವಿಲ್ಲದೆ ಕೇಳಿ, ಹತ್ತು ವರ್ಷ ಪ್ರತಿ ಸಲ ಬೇಡವೆಂದವರಿಗೂ ಮತ್ತೆ ಗೌರವದಿಂದ ಕರೆ ಮಾಡಬಲ್ಲವರು ಮಾತ್ರ ಇಲ್ಲಿ ನಿಲ್ಲುತ್ತಾರೆ.

ಮಾರಲು ಒಪ್ಪಿದ ಮಾತ್ರಕ್ಕೆ ಟ್ರಸ್ಟ್ ಕೊಳ್ಳುವುದಿಲ್ಲ, ಕೊಳ್ಳಲೂಬಾರದು. ಹಳೆಯ ಗಣಿಯ ಬಾಯಲ್ಲಿ ರಾಶಿ ಬಿದ್ದ ಅದಿರಿನ ಕಸದಿಂದ ಸೀಸ, ಆರ್ಸೆನಿಕ್‌ನಂಥ ವಿಷಗಳು ನೀರಿಗೆ ಇಳಿಯುತ್ತಿರಬಹುದು. 1980ರ ವಿಷತ್ಯಾಜ್ಯ ಕಾಯ್ದೆಯ ಪ್ರಕಾರ, ಮಾಲಿನ್ಯ ಮಾಡಿದವರು ಯಾರೇ ಇರಲಿ, ಭೂಮಿಯ ಈಗಿನ ಒಡೆಯರ ಮೇಲೂ ಶುದ್ಧೀಕರಣದ ಹೊಣೆ ಬೀಳಬಹುದು. ಹೀಗಾಗಿ ತಜ್ಞರೊಬ್ಬರು ಮೊದಲು ಹೋಗಿ ನೋಡುತ್ತಾರೆ: ಕಲ್ಲುರಾಶಿಯ ಕೆಳಗೆ ಹರಿಯುವ ನೀರಿನ ತಳ ಕಿತ್ತಳೆ ಬಣ್ಣಕ್ಕೆ ತಿರುಗಿದೆಯೇ, ತುಕ್ಕು ಹಿಡಿದ ಪೀಪಾಯಿಗಳಲ್ಲಿ ಏನಾದರೂ ಉಳಿದಿದೆಯೇ, ಸುರಂಗದ ಬಾಯಿ ಕುಸಿದಿದೆಯೇ, ಒಳಗೆ ಬಾವಲಿಗಳು ಬೀಡುಬಿಟ್ಟಿವೆಯೇ. ಬಾವಲಿಗಳಿದ್ದರೆ ಸುರಂಗವನ್ನು ಮಣ್ಣು ತುಂಬಿ ಮುಚ್ಚುವ ಬದಲು ಮನುಷ್ಯರು ನುಗ್ಗದಂತೆ, ಆದರೆ ರೆಕ್ಕೆಗಳು ತೂರುವಂತೆ ಅಡ್ಡ ಸರಳುಗಳ ಬಾಗಿಲು ಕೂರಿಸುತ್ತಾರೆ. ಮುರುಕು ಮನೆ, ಕಬ್ಬಿಣದ ಹಗ್ಗ, ಹಳೆಯ ಯಂತ್ರಗಳನ್ನು ತೆಗೆದುಹಾಕುವ ಕೆಲಸವನ್ನು ಭೂಮಿ ಇನ್ನೂ ಖಾಸಗಿಯಾಗಿರುವಾಗಲೇ ಮುಗಿಸುವುದು ಜಾಣತನ. ಅದು ವನ್ಯಪ್ರದೇಶಕ್ಕೆ ಸೇರಿದ ಮೇಲೆ ಯಂತ್ರಗಳ ಬಳಕೆಗೆ ಕಾನೂನಿನ ತಡೆಯಿರುವುದರಿಂದ, ಅದೇ ಕೆಲಸವನ್ನು ಸಾಮಾನ್ಯವಾಗಿ ಕೈಗರಗಸ ಮತ್ತು ಹೇಸರಗತ್ತೆಗಳ ನೆರವಿನಿಂದ ಮಾಡಬೇಕಾಗುತ್ತದೆ.

ಕೊಂಡು ಸರ್ಕಾರಕ್ಕೆ ದಾಟಿಸುವುದು ಒಂದು ಮಾರ್ಗವಾದರೆ, ಇನ್ನೊಂದು ಸಂರಕ್ಷಣಾ ಕರಾರು. ಎಕರೆಗಳ ಲೆಕ್ಕದಲ್ಲಿ ಇದು ತುಂಬ ದೊಡ್ಡದು, ಓದುಗರಿಗೆ ಕಡಿಮೆ ಪರಿಚಿತವಾದದ್ದು. ಇಲ್ಲಿ ಭೂಮಿ ಮಾಲೀಕರ ಕೈಯಲ್ಲಿಯೇ ಉಳಿಯುತ್ತದೆ. ಅವರು ಅದನ್ನು ಮಾರಬಹುದು, ಮಕ್ಕಳಿಗೆ ಬಿಡಬಹುದು, ದನ ಮೇಯಿಸಬಹುದು. ಆದರೆ ನಿವೇಶನಗಳಾಗಿ ಒಡೆಯುವ, ಹೊಸ ಮನೆಗಳನ್ನು ಕಟ್ಟುವ, ಗಣಿ ತೋಡುವ ಹಕ್ಕುಗಳನ್ನು ಮಾತ್ರ ಬಿಟ್ಟುಕೊಟ್ಟು, ಅವು ಎಂದಿಗೂ ಚಲಾವಣೆಯಾಗದಂತೆ ನೋಡಿಕೊಳ್ಳುವ ಅಧಿಕಾರವನ್ನು ಟ್ರಸ್ಟ್‌ಗೆ ನೋಂದಾಯಿಸಿ ಕೊಡುತ್ತಾರೆ. ಆ ಕರಾರು ಭೂಮಿಯೊಂದಿಗೆ ಸಾಗುತ್ತದೆ. ಇಂದಿನವರಿಂದ ಕೊಂಡವರಿಗೂ, ಅವರಿಂದ ಕೊಂಡವರಿಗೂ ಅದೇ ಕಟ್ಟಳೆ. ಕಾನೂನಿನ ಷರತ್ತುಗಳನ್ನು ಪೂರೈಸಿ ಇದನ್ನು ದಾನವಾಗಿ ಕೊಟ್ಟವರಿಗೆ ಆದಾಯ ತೆರಿಗೆಯಲ್ಲಿ ವಿನಾಯಿತಿಯುಂಟು. ಕರಾರು, ಖರೀದಿ ಮತ್ತಿತರ ವಿಧಾನಗಳೆಲ್ಲ ಸೇರಿ ಅಮೆರಿಕದ ಭೂ ಟ್ರಸ್ಟ್‌ಗಳು ಉಳಿಸಿದ ಭೂಮಿ ಆ ಟ್ರಸ್ಟ್‌ಗಳ 2020ರ ಗಣತಿಯ ಹೊತ್ತಿಗೆ 6 ಕೋಟಿ 10 ಲಕ್ಷ ಎಕರೆಯಷ್ಟಿತ್ತು.

ಕರಾರಿನ ಜೀವ ಅದರ ಆರಂಭಿಕ ಸ್ಥಿತಿವರದಿಯಲ್ಲಿದೆ. ಸಹಿಯ ಹೊತ್ತಿಗೆ ಭೂಮಿ ಹೇಗಿತ್ತು ಎಂಬುದನ್ನು ಉಸ್ತುವಾರಿ ಸಿಬ್ಬಂದಿ ನಕಾಶೆ, ಅಳತೆ, ಛಾಯಾಚಿತ್ರಗಳ ಸಮೇತ ದಾಖಲಿಸಿ, ಮಾಲೀಕರಿಂದಲೂ ಅದಕ್ಕೆ ಒಪ್ಪಿಗೆಯ ರುಜು ಹಾಕಿಸಿಕೊಳ್ಳುತ್ತಾರೆ. ಪ್ರತಿ ಚಿತ್ರವನ್ನು ಎಲ್ಲಿ ನಿಂತು, ಯಾವ ದಿಕ್ಕಿಗೆ ಮುಖ ಮಾಡಿ ತೆಗೆದದ್ದೆಂದು ಅದರಲ್ಲಿ ಬರೆದಿರುತ್ತದೆ. ಆಮೇಲೆ ಪ್ರತಿ ವರ್ಷ ಒಬ್ಬರು ಹೋಗಿ ಅದೇ ಜಾಗಗಳಲ್ಲಿ ನಿಂತು ಹೊಸ ಚಿತ್ರ ತೆಗೆದು ಹಳೆಯದರ ಪಕ್ಕದಲ್ಲಿಟ್ಟು ನೋಡಬೇಕು. ಹೊಳೆಯಂಚಿನ ಬೇಲಿ ಹತ್ತು ಅಡಿ ಮುಂದೆ ಬಂದಿದೆಯೇ? ಕಳೆದ ವರ್ಷ ಇಲ್ಲದ ಗಾಡಿಜಾಡು ಈಗ ಮರಗಳ ಸಂದಿನಲ್ಲಿ ಕಾಣುತ್ತಿದೆಯೇ? ಉಲ್ಲಂಘನೆಗಳಲ್ಲಿ ಬಹಳಷ್ಟು ದುರುದ್ದೇಶದಿಂದ ಆದವಲ್ಲ. ಕರಾರು ಬರೆದುಕೊಟ್ಟವರಿಗೆ ಅದರ ಪ್ರತಿಯೊಂದು ಸಾಲೂ ನೆನಪಿರುತ್ತದೆ, ಅವರಿಂದ ಭೂಮಿ ಕೊಂಡವರು ಅದನ್ನು ಒಮ್ಮೆಯೂ ಓದಿರುವುದಿಲ್ಲ. ವರ್ಷಕ್ಕೊಮ್ಮೆ ಹೋಗಿ ಮಾತನಾಡಿ ಬರುವ ವ್ಯಕ್ತಿಯಿದ್ದರೆ ಇಂಥ ಎಷ್ಟೋ ವ್ಯಾಜ್ಯಗಳು ನ್ಯಾಯಾಲಯದವರೆಗೆ ಹೋಗುವುದೇ ಇಲ್ಲ. ದಾನಿಗಳ ಕಣ್ಣಿಗೆ ಬೀಳದ ಈ ತಿರುಗಾಟವನ್ನೇ ನಾನು ಇಡೀ ವ್ಯವಸ್ಥೆಯ ಆಧಾರವೆಂದು ಎಣಿಸುತ್ತೇನೆ.

ತೆರಿಗೆ ವಿನಾಯಿತಿಯಿರುವಲ್ಲಿ ದುರ್ಬಳಕೆಯೂ ಬಂತು, ಅದನ್ನು ಮುಚ್ಚಿಡಬಾರದು. ಹೂಡಿಕೆದಾರರು ಗುಂಪು ಕಟ್ಟಿಕೊಂಡು ಅಗ್ಗದ ಭೂಮಿ ಕೊಂಡು, ಅದಕ್ಕೆ ಹಲವು ಪಟ್ಟು ಉಬ್ಬಿಸಿದ ಬೆಲೆ ಕಟ್ಟಿಸಿ, ಕರಾರನ್ನು ದಾನ ಮಾಡಿದಂತೆ ತೋರಿಸಿ ತೆರಿಗೆ ತಪ್ಪಿಸಿಕೊಳ್ಳುವ ದಂಧೆ ಬೆಳೆಯಿತು. ತೆರಿಗೆ ಇಲಾಖೆ 2016ರ ಕೊನೆಯಲ್ಲಿ ಇಂಥ ವ್ಯವಹಾರಗಳ ಮೇಲೆ ನಿಗಾ ಇಡುವ ಪ್ರಕಟಣೆ ಹೊರಡಿಸಿತು. 2022ರ ಕಾನೂನು, ಇಂಥ ಪಾಲುದಾರಿಕೆಗಳು ಕೇಳುವ ವಿನಾಯಿತಿ ಹೂಡಿದ ಹಣದ ಎರಡೂವರೆ ಪಟ್ಟನ್ನು ಮೀರಿದರೆ ಅದನ್ನು ಸಾಮಾನ್ಯವಾಗಿ ನಿರಾಕರಿಸುವಂತೆ ಮಾಡಿತು. ಪ್ರಾಮಾಣಿಕ ಟ್ರಸ್ಟ್‌ಗಳೇ ಈ ಬಿಗಿಗಾಗಿ ವರ್ಷಗಟ್ಟಲೆ ಒತ್ತಾಯಿಸಿದ್ದವು, ಏಕೆಂದರೆ ಕೆಟ್ಟ ಹೆಸರು ಬರುತ್ತಿದ್ದುದು ಅವುಗಳಿಗೆ.

ಇನ್ನು ನಿಮ್ಮ ಮೂರನೆಯ ಪ್ರಶ್ನೆ, ಶಾಶ್ವತತೆಯದು. ಇದು ಈ ಚಳವಳಿಯ ಹುಟ್ಟಿನಿಂದಲೂ ಇರುವ ಚಿಂತೆ. ಗ್ರಂಥಾಲಯ ಪುಸ್ತಕಗಳನ್ನು, ವಸ್ತುಸಂಗ್ರಹಾಲಯ ಚಿತ್ರಗಳನ್ನು ಜನರಿಗಾಗಿ ಇಟ್ಟುಕೊಳ್ಳುವಂತೆ ಚೆಲುವಾದ ಭೂಮಿಯನ್ನು ಇಟ್ಟುಕೊಳ್ಳುವ ಸಂಸ್ಥೆಯೊಂದು ಬೇಕೆಂಬ ಭೂದೃಶ್ಯ ವಾಸ್ತುಶಿಲ್ಪಿ ಚಾರ್ಲ್ಸ್ ಎಲಿಯಟ್ ಅವರ ವಾದದಿಂದ 1891ರಲ್ಲಿ ಮ್ಯಾಸಚೂಸೆಟ್ಸ್‌ನಲ್ಲಿ ಮೊದಲ ಟ್ರಸ್ಟ್ ಹುಟ್ಟಿತು. ನಾಲ್ಕು ವರ್ಷಗಳ ನಂತರ ಬ್ರಿಟನ್ನಿನಲ್ಲಿ ಆಕ್ಟೇವಿಯಾ ಹಿಲ್ ಮತ್ತು ಅವರ ಸಂಗಡಿಗರು ಸ್ಥಾಪಿಸಿದ ನ್ಯಾಷನಲ್ ಟ್ರಸ್ಟ್, 1907ರ ಕಾಯ್ದೆಯ ಮೂಲಕ ತನ್ನ ಭೂಮಿಯನ್ನು ಪರಭಾರೆ ಮಾಡಲಾಗದ ಆಸ್ತಿಯೆಂದು ಘೋಷಿಸುವ ಅಧಿಕಾರ ಪಡೆಯಿತು. ಅಮೆರಿಕದ ಮೇಯ್ನ್ ರಾಜ್ಯದ ಗವರ್ನರ್ ಆಗಿದ್ದ ಪರ್ಸಿವಲ್ ಬ್ಯಾಕ್ಸ್‌ಟರ್ ಅವರಿಗೆ ಕಟಾಡಿನ್ ಪರ್ವತವನ್ನು ಕೊಳ್ಳುವಂತೆ ಶಾಸನಸಭೆಯನ್ನು ಒಪ್ಪಿಸಲಾಗಲಿಲ್ಲ. ಅಧಿಕಾರ ಬಿಟ್ಟ ಮೇಲೆ ತಮ್ಮದೇ ಹಣದಿಂದ ದಶಕಗಳ ಕಾಲ ತುಂಡು ತುಂಡಾಗಿ ಕೊಂಡು, 2 ಲಕ್ಷ ಎಕರೆಗೂ ಮಿಕ್ಕಿದ ಕಾಡನ್ನು ರಾಜ್ಯದ ಜನರಿಗೆ ಕೊಟ್ಟರು. ಅವರ ದೂರದೃಷ್ಟಿ ಕಾಣುವುದು ಮತ್ತೆರಡು ಕೆಲಸಗಳಲ್ಲಿ: ಕಾಡು ಎಂದೆಂದಿಗೂ ಅದರ ಸಹಜ ಸ್ಥಿತಿಯಲ್ಲಿರಬೇಕೆಂದು ದಾನಪತ್ರಗಳಲ್ಲಿಯೇ ಬರೆಸಿದರು ಮತ್ತು ಅದರ ನಿರ್ವಹಣೆಗೆ ಪ್ರತ್ಯೇಕ ನಿಧಿಯಿಟ್ಟರು.

ಅವೆರಡೂ ಇಂದಿನ ಒಳ್ಳೆಯ ಟ್ರಸ್ಟ್‌ಗಳ ನಿಯಮವಾಗಿವೆ. ಪ್ರತಿ ಕರಾರಿನ ಜೊತೆಗೂ ಅದರ ವಾರ್ಷಿಕ ಉಸ್ತುವಾರಿಗೆ ಬೇಕಾದ ಮೂಲಧನವನ್ನು ತೆಗೆದಿಡಬೇಕು, ಅದರ ಬಡ್ಡಿಯಿಂದ ಮಾತ್ರ ಖರ್ಚು ನಡೆಯಬೇಕು. ಟ್ರಸ್ಟ್ ಮುಚ್ಚಿದರೆ ಹೊಣೆ ಯಾವ ಸಂಸ್ಥೆಗೆ ಹೋಗಬೇಕೆಂದು ಕರಾರಿನಲ್ಲಿಯೇ ಹೆಸರಿಸಿರುವುದು ಲೇಸು. ಹೆಸರಿಸಿರದಿದ್ದರೆ ನ್ಯಾಯಾಲಯ ಅಂಥದೇ ಉದ್ದೇಶದ ಬೇರೊಂದು ಸಂಸ್ಥೆಗೆ ಅದನ್ನು ವಹಿಸಬಹುದು. ಮೊಕದ್ದಮೆಯ ಖರ್ಚಿಗೆ ಹೆದರಿ ಸಣ್ಣ ಟ್ರಸ್ಟ್‌ಗಳು ಸುಮ್ಮನಾಗಬಾರದೆಂದು, ಟ್ರಸ್ಟ್‌ಗಳೇ ಸೇರಿ ಟೆರಾಫರ್ಮಾ ಎಂಬ ವಿಮಾ ವ್ಯವಸ್ಥೆಯನ್ನು ಕಟ್ಟಿಕೊಂಡಿವೆ. ಸರ್ಕಾರಕ್ಕೆ ಒಪ್ಪಿಸಿ ವನ್ಯಪ್ರದೇಶಕ್ಕೆ ಸೇರಿದ ಭೂಮಿಯಾದರೆ, ಆ ರಕ್ಷಣೆಯನ್ನು ತೆಗೆಯಲು ಸಂಸತ್ತಿನ ಕಾನೂನೇ ಬೇಕು. ಇವೆಲ್ಲ ಇದ್ದರೂ ಶಾಶ್ವತವೆಂಬುದು ಮನುಷ್ಯರ ಕೈಯಲ್ಲಿಲ್ಲ. ಬೆಂಕಿ, ಬರ, ಏರುವ ಉಷ್ಣಾಂಶ ಯಾವ ಕರಾರನ್ನೂ ಓದುವುದಿಲ್ಲ. ಅದಕ್ಕಾಗಿಯೇ ಈಚೆಗೆ ಬರೆಯುವ ಕರಾರುಗಳಲ್ಲಿ ಒಂದೇ ಪ್ರಭೇದದ, ಒಂದೇ ನೋಟದ ರಕ್ಷಣೆಯನ್ನು ಗುರಿಯಾಗಿಸುವ ಬದಲು, ನೀರಿನ ಹರಿವು ಮತ್ತು ಪ್ರಾಣಿಗಳ ಓಡಾಟದ ಹಾದಿ ಮುರಿಯದಂತೆ ನೋಡಿಕೊಳ್ಳುವ ವಿಶಾಲವಾದ ಉದ್ದೇಶವನ್ನು ಬರೆಯುವುದು ವಿವೇಕ.

ನೀವು ಕೇಳಿಲ್ಲವಾದರೂ ಒಂದು ಮಾತನ್ನು ಹೇಳಲೇಬೇಕು. ಮನುಷ್ಯರಿಲ್ಲದ ಕಾಡು ಎಂದು ಕರೆದ ಜಾಗಗಳಲ್ಲಿ ಬಹುಪಾಲು ಮೂಲನಿವಾಸಿಗಳ ನೆಲವಾಗಿದ್ದವು. ಅವರನ್ನು ತೆರವು ಮಾಡಿದ ಮೇಲೆ ಅವು ಖಾಲಿಯಾಗಿ ಕಂಡವು. ಈ ಅನ್ಯಾಯವನ್ನು ಕಾಣದ ಸಂರಕ್ಷಣೆಗೆ ನೈತಿಕ ಬಲವಿಲ್ಲ. 2020ರಲ್ಲಿ ವೆಸ್ಟರ್ನ್ ರಿವರ್ಸ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಕ್ಯಾಲಿಫೋರ್ನಿಯಾ ರಾಜ್ಯದ ಅನುದಾನದ ನೆರವಿನಿಂದ ಲಿಟ್ಲ್ ಸರ್ ನದಿಯ ಬಳಿಯ ಸುಮಾರು 1,200 ಎಕರೆಯನ್ನು ಎಸ್ಸೆಲೆನ್ ಬುಡಕಟ್ಟಿಗೆ ಒಪ್ಪಿಸಿತು. ರೆಡ್‌ವುಡ್ ಮರಗಳಿರುವ, ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದುಗಳು ಸುಳಿದಾಡುವ ಆ ನೆಲವನ್ನು ಅವರ ಪೂರ್ವಜರು ಕಳೆದುಕೊಂಡು ಸುಮಾರು 250 ವರ್ಷಗಳಾಗಿದ್ದವು. ಭೂಮಿಯೂ ಉಳಿಯಿತು, ಅದರ ಜನರೂ ಅದಕ್ಕೆ ಮರಳಿದರು. ಟ್ರಸ್ಟ್‌ಗಳು ಮಾಡಬಹುದಾದ ಕೆಲಸಗಳಲ್ಲಿ ಇದಕ್ಕಿಂತ ಮಿಗಿಲಾದದ್ದು ನನಗೆ ತೋಚುವುದಿಲ್ಲ. ಸ್ಥಳೀಯರ ವಿಶ್ವಾಸ ಗಳಿಸುವುದಕ್ಕೆ ಎಷ್ಟು ಕಾಲ ಹಿಡಿಯುತ್ತದೆಂಬುದಕ್ಕೆ ಚಿಲಿ ದೇಶದ ಉದಾಹರಣೆಯಿದೆ. ಅಮೆರಿಕದ ಉದ್ಯಮಿ ಡಗ್ಲಸ್ ಟಾಂಪ್‌ಕಿನ್ಸ್ 1990ರ ದಶಕದಲ್ಲಿ ಅಲ್ಲಿ ಕಾಡು ಕೊಳ್ಳತೊಡಗಿದಾಗ, ಈ ವಿದೇಶಿ ದೇಶವನ್ನೇ ಎರಡಾಗಿ ಸೀಳುತ್ತಾನೆಂಬ ಗುಮಾನಿ ಹಬ್ಬಿತ್ತು. ಅವರು 2015ರಲ್ಲಿ ತೀರಿಕೊಂಡ ನಂತರ ಪತ್ನಿ ಕ್ರಿಸ್ ಟಾಂಪ್‌ಕಿನ್ಸ್ ಸುಮಾರು 10 ಲಕ್ಷ ಎಕರೆಯನ್ನು ರಾಷ್ಟ್ರೀಯ ಉದ್ಯಾನಗಳಿಗಾಗಿ ಚಿಲಿ ಸರ್ಕಾರಕ್ಕೇ ಒಪ್ಪಿಸಿದರು.

ಸಿದ್ಧತೆಯ ಬಗ್ಗೆ ಹೇಳುವುದಾದರೆ, ಪರಿಸರ ವಿಜ್ಞಾನದ ಜೊತೆಗೆ ಆಸ್ತಿ ಕಾನೂನಿನ ಮೂಲಪಾಠ, ಉಪಗ್ರಹ ಚಿತ್ರ ಮತ್ತು ಗಣಕೀಕೃತ ನಕಾಶೆಗಳ ಬಳಕೆ, ಲೆಕ್ಕಪತ್ರ ಓದುವ ಅಭ್ಯಾಸ, ಇವಿಷ್ಟನ್ನು ಕಲಿಯಿರಿ. ಕ್ರಯಪತ್ರಗಳನ್ನೂ ಕರಾರುಗಳನ್ನೂ ಮೊದಲಿನಿಂದ ಕೊನೆಯವರೆಗೆ ಓದುವ ತಾಳ್ಮೆ ಬೆಳೆಸಿಕೊಳ್ಳಿ. ಸೇರಲು ಬಯಸುವ ಟ್ರಸ್ಟ್ ಎಷ್ಟು ಎಕರೆ ಉಳಿಸಿದೆ ಎಂದು ಕೇಳುವ ಮೊದಲು, ತನ್ನ ಎಲ್ಲ ಭೂಮಿಗಳಿಗೂ ಕಳೆದ ವರ್ಷ ಭೇಟಿ ಕೊಟ್ಟಿದೆಯೇ, ಉಸ್ತುವಾರಿಯ ನಿಧಿಯನ್ನು ಬೇರೆ ಖರ್ಚಿಗೆ ಮುಟ್ಟಿದೆಯೇ, ಉಲ್ಲಂಘನೆ ಕಂಡಾಗ ಏನು ಮಾಡಿದೆ ಎಂದು ವಿಚಾರಿಸಿ. ಹೆಚ್ಚಿನ ಟ್ರಸ್ಟ್‌ಗಳು ಸಣ್ಣವು, ಸಂಬಳ ಸಾಧಾರಣ, ಒಬ್ಬರೇ ಹಲವು ಕೆಲಸ ಹೊರಬೇಕು. ಮೊದಲ ಅವಕಾಶ ಉಸ್ತುವಾರಿ ವಿಭಾಗದಲ್ಲಿ ಸಿಕ್ಕರೆ, ಖರೀದಿಯ ವಿಭಾಗಕ್ಕಾಗಿ ಕಾಯದೆ ಅದನ್ನೇ ಒಪ್ಪಿಕೊಳ್ಳಿ. ಹಿಂದಿನವರು ಬರೆದ ಕರಾರಿನ ಯಾವ ವಾಕ್ಯ ನೆಲದ ಮೇಲೆ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬುದನ್ನು ಅಲ್ಲಿ ಕಲಿತವರೇ ಮುಂದೆ ಒಳ್ಳೆಯ ಕರಾರು ಬರೆಯುತ್ತಾರೆ.